ಅಪಘಾತವಾಗಿ ವರ್ಷ ಕಳೆದರೂ ಬ್ರೇಕ್ ಸದ್ದಿಗೆ ಮೈ ಬೆಚ್ಚಿಬೀಳುವುದು ಯಾಕೆ? ನಿದ್ರೆ ಮಾತ್ರೆ ಸಾಕಾಗಲ್ವಾ?

ಇದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಕೊಳ್ಳುವ ಮಾನಸಿಕ ತೊಂದರೆ, ಇರಬಹುದು. ಮನಸ್ಸು ಗಟ್ಟಿ ಇಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇದರಲ್ಲಿ ಅಪಾಯ ಗುರುತಿಸುವ ಮಿದುಳಿನ ಭಾಗ, ಅಮಿಗ್ಡಲಾ, ಜಾಸ್ತಿ ಚುರುಕಾಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಡಬೇಕಾದ ಮಿದುಳಿನ ಮುಂಭಾಗ, ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಹಿಡಿತ ಸಡಿಲವಾಗಿರುತ್ತದೆ. 'ಇದು ಅಂದಿನ ಸದ್ದಲ್ಲ' ಎಂದು ಬೇರ್ಪಡಿಸಲು ನೆನಪುಗಳನ್ನು ನೋಡಿಕೊಳ್ಳುವ ಭಾಗವಾದ ಹಿಪೊಕ್ಯಾಂಪಸ್‌ಗೂ ಕಷ್ಟ. ಹಾಗಾಗಿ ಬ್ರೇಕ್ ಕಿರುಗುಟ್ಟಿದರೆ ಸಾಕು, ಮೈಯನ್ನು ಎಚ್ಚರಿಸುವ ರಾಸಾಯನಿಕ ನಾರ್‌ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಯೋಚಿಸುವಷ್ಟರಲ್ಲಿ ಮೈ ಓಡಲು ಸಜ್ಜಾಗಿರುತ್ತದೆ.

ಸುಮ್ನೆ 'ಮರೆತುಬಿಡು' ಅಂದರೆ ಆಗುವುದಿಲ್ಲ. ಹಳೆಯ ಭಯ ಪೂರ್ತಿ ಅಳಿಸಿಹೋಗುವುದಿಲ್ಲ, ಅದರ ಮೇಲೆ 'ಈಗ ಅಪಾಯವಿಲ್ಲ' ಎಂಬ ಹೊಸ ಕಲಿಕೆ ಬೆಳೆಯಬೇಕು. ಥೆರಪಿಸ್ಟ್ ಜೊತೆ ಕೂತು ಆ ನೆನಪನ್ನು ಹಂತಹಂತವಾಗಿ ಎದುರಿಸುವ ಎಕ್ಸ್‌ಪೋಶರ್ ಥೆರಪಿ ಮಾಡುವುದು ಇದನ್ನೇ. ಆ ಸದ್ದು, ಆ ರಸ್ತೆಯಿಂದ ದೂರ ಉಳಿದಷ್ಟೂ ಈ ಕಲಿಕೆಗೆ ಅವಕಾಶವೇ ಸಿಗುವುದಿಲ್ಲ. ಖಿನ್ನತೆಗೂ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಹಲವರಿಗೆ ನೆರವಾಗುತ್ತವೆ.

ನಿದ್ರೆ ಮಾತ್ರೆ ವಿಷಯದಲ್ಲಿ ಎಚ್ಚರ ಇರಲಿ. ಬೆಂಜೊಡಯಜೆಪೈನ್ ಗುಂಪಿನವು ಆ ರಾತ್ರಿಗೆ ನಿದ್ರೆ ಕೊಟ್ಟರೂ ಪಿಟಿಎಸ್‌ಡಿ ವಾಸಿ ಮಾಡುವುದಿಲ್ಲ, ಚಟವೂ ಹತ್ತಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನವಾಗಿ ಕಡಿಮೆ ಮಾಡಿ.