ಜರ್ಮನಿಯಲ್ಲಿ ತೆಗೆಸಿದ ಲಿಂಕ್ ಬೆಂಗಳೂರಿನಲ್ಲೂ ಮಾಯವಾಗುತ್ತಾ?

ಜರ್ಮನಿಯಲ್ಲಿರುವ ನಿಮ್ಮ ತಮ್ಮ ಹಳೇ ಸುದ್ದಿಯ ಲಿಂಕನ್ನು ಗೂಗಲ್‌ನಿಂದ ತೆಗೆಸಿದರೆ ಇಲ್ಲೂ ಕಾಣಲ್ವಾ ಅಂತ ಕೇಳಿದ್ದೀರಿ. ಕಾಣುವ ಸಾಧ್ಯತೆಯೇ ಜಾಸ್ತಿ ಸರ್.

ಹೀಗೆ ಹಳೇ ಲಿಂಕ್ ತೆಗೆಸುವ ಹಕ್ಕಿನ ಕಥೆ ಶುರುವಾಗಿದ್ದು ಸ್ಪೇನ್‌ನಲ್ಲಿ. ಮಾರಿಯೋ ಕೊಸ್ತೇಹಾ ಅನ್ನುವವರ ಹೆಸರು ಹುಡುಕಿದರೆ ಸಾಕು, ಸಾಲಕ್ಕೆ ಅವರ ಆಸ್ತಿ ಹರಾಜಿಗೆ ಬಂದಿದ್ದ 1998ರ ಪತ್ರಿಕಾ ಪ್ರಕಟಣೆ ಎದುರಿಗೆ ಬರುತ್ತಿತ್ತು. ಸಾಲ ಯಾವತ್ತೋ ತೀರಿತ್ತು. ಗೂಗಲ್ ಆ ಲಿಂಕ್ ತೆಗೆಯಬೇಕು ಅಂತ ಅವರು ದೂರು ಕೊಟ್ಟರು, 2014ರ ಮೇನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅವರ ಪರ ನಿಂತಿತು. ತಮಾಷೆ ಅಂದ್ರೆ, ಮರೆಸಲು ಹೊರಟ ಆ ಹರಾಜು ಈಗ ಜಗತ್ತಿಗೆಲ್ಲ ಗೊತ್ತು!

ಒಂದು ವಿಷಯ ಗಮನಿಸಿ. ಆಗ ಪತ್ರಿಕೆಯ ಪುಟ ಅಳಿಸಲಿಲ್ಲ. ಹೆಸರು ಹಾಕಿ ಹುಡುಕಿದಾಗ ಬರುವ ಲಿಂಕ್ ಮಾತ್ರ ಹೋಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಜಗತ್ತಿನಾದ್ಯಂತ ತೆಗೆಯಬೇಕು ಅಂತ ಫ್ರಾನ್ಸ್‌ನ ದತ್ತಾಂಶ ರಕ್ಷಣಾ ಸಂಸ್ಥೆ ಪಟ್ಟು ಹಿಡಿದಿತ್ತು. ಯುರೋಪಿನ ಕಾನೂನು ಹಾಗೆ ಕಡ್ಡಾಯ ಮಾಡಲ್ಲ ಅಂತ ಅದೇ ನ್ಯಾಯಾಲಯ 2019ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಒಕ್ಕೂಟದ ದೇಶಗಳಲ್ಲಿ ತೆಗೆದರೆ ಸಾಕು.

ನಿಮ್ಮ ತಮ್ಮ ಮೊದಲು ಲಿಂಕ್ ತೆಗೆಸುವ ಗೂಗಲ್‌ನ ಫಾರ್ಮ್ ತುಂಬಲಿ. ಗೂಗಲ್ ಒಪ್ಪದಿದ್ದರೆ ಜರ್ಮನಿಯ ದತ್ತಾಂಶ ರಕ್ಷಣಾ ಕಚೇರಿಗೆ ದೂರು ಕೊಡಬಹುದು, ವಕೀಲರಿಗೆ ಸುಮ್ನೆ ದುಡ್ಡು ಸುರಿಯುವ ಮುಂಚೆ. ಅಂದಹಾಗೆ, ಸುದ್ದಿ ಯಾವ ವರ್ಷದ್ದು? ಹಳೆಯದಾದಷ್ಟೂ ನಿಮ್ಮ ತಮ್ಮನ ವಾದಕ್ಕೆ ಬಲ.