ಅಮೆರಿಕದ ಬೇಸ್‌ಬಾಲ್ ತಂಡಗಳು ಒಳ್ಳೆಯ ಆಟಗಾರನನ್ನು ಅವಧಿ ಮುಗಿಯುವ ಮೊದಲೇ ಏಕೆ ಬಿಟ್ಟುಕೊಡುತ್ತವೆ?

ಮುಖ್ಯವಾಗಿ ಸಂಬಳದ ಲೆಕ್ಕದಿಂದ. ಅಲ್ಲಿನ ಅತ್ಯುನ್ನತ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನಲ್ಲಿ ಆಟಗಾರ ತನಗಿಷ್ಟವಾದ ತಂಡ ಸೇರಲು ಆರು ವರ್ಷಗಳ ಸೇವೆ ಮುಗಿಸಬೇಕು. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಆಮೇಲೆ ಮಧ್ಯಸ್ಥಿಕೆಯ ಹಕ್ಕು ಸಿಕ್ಕಿ ಸಂಬಳ ಏರುತ್ತದೆ. ಮಾತುಕತೆ ಮುರಿದರೆ ಎರಡೂ ಕಡೆಯವರು ಒಂದೊಂದು ಮೊತ್ತ ಮುಂದಿಡುತ್ತಾರೆ. ಮೂವರು ಮಧ್ಯಸ್ಥರು ಅವೆರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನ ಮೊತ್ತಕ್ಕೆ ಅವಕಾಶವಿಲ್ಲ. ಅತಿಯಾಗಿ ಕೇಳಿದವರು ಸೋಲುತ್ತಾರೆಂಬ ಭಯಕ್ಕೆ ಹೆಚ್ಚಿನವರು ಮೊದಲೇ ರಾಜಿಯಾಗುತ್ತಾರೆ.

ರಾಜಿಯಾಗದಿದ್ದರೆ ಮುಜುಗರ. ತಂಡವೇ ತನ್ನ ಆಟಗಾರನ ಎದುರು ಕುಳಿತು ಅವನ ಕೊರತೆಗಳನ್ನು ಎಣಿಸಬೇಕು. 2023ರಲ್ಲಿ ಮಿಲ್ವಾಕಿ ಬ್ರೂವರ್ಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಕಾರ್ಬಿನ್ ಬರ್ನ್ಸ್ 1.075 ಕೋಟಿ ಡಾಲರ್ ಕೇಳಿದರು, ತಂಡ 1.001 ಕೋಟಿ ಎಂದಿತು, ಗೆದ್ದಿತು. ಉಳಿದದ್ದು 7.4 ಲಕ್ಷ ಡಾಲರ್. 2021ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದವರೊಂದಿಗೆ ಇಷ್ಟಕ್ಕಾಗಿ ಚೌಕಾಸಿ ಮಾಡಿದ್ದು ನನಗಂತೂ ಜಿಪುಣತನವೆನಿಸುತ್ತದೆ. ಬರ್ನ್ಸ್ ತಮ್ಮ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು.

ಮರುವರ್ಷ, ಅವರು ಸ್ವತಂತ್ರರಾಗಲು ಒಂದೇ ಋತು ಬಾಕಿಯಿದ್ದಾಗ, ಬ್ರೂವರ್ಸ್ ಅವರನ್ನು ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟಿತು. ಬದಲಿಗೆ ಸಿಕ್ಕಿದ್ದು ಜೋಯಿ ಒರ್ಟಿಜ್, ಡಿ.ಎಲ್. ಹಾಲ್ ಮತ್ತು ಒಂದು ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಆಟಗಾರರ ವಾರ್ಷಿಕ ಹಂಚಿಕೆಯಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ. ಹೇಗೂ ಕೈಬಿಟ್ಟು ಹೋಗಲಿದ್ದ ದುಬಾರಿ ತಾರೆಯ ಜಾಗಕ್ಕೆ, ಹಲವು ವರ್ಷ ಕಡಿಮೆ ಸಂಬಳಕ್ಕೆ ಆಡುವ ಇಬ್ಬರು ಯುವಕರು ಬಂದರು.