1/4ಕ್ಕಿಂತ 1/8 ದೊಡ್ಡದು ಅನ್ನುವ ಮಗುವಿಗೆ ಹೇಗೆ ಹೇಳಿಕೊಡೋದು?

ಮಾತು ಬಿಟ್ಟು ಕೈಯಿಂದ ಪಾಲು ಮಾಡಿಸಿ. ಭಿನ್ನರಾಶಿಯಲ್ಲಿ ಕೆಳಗಿರುವ ಸಂಖ್ಯೆ, ಅಂದರೆ ಛೇದ, ಒಂದು ವಸ್ತುವನ್ನು ಎಷ್ಟು ಸಮಪಾಲು ಮಾಡಿದೆವು ಅಂತ ಹೇಳುತ್ತದೆ. ಪಾಲು ಜಾಸ್ತಿಯಾದಷ್ಟೂ ಒಂದೊಂದು ಪಾಲು ಚಿಕ್ಕದಾಗುತ್ತದೆ. ಆದರೆ ಮಗು ಇಷ್ಟು ದಿನ ಕಲಿತಿರುವುದು 4ಕ್ಕಿಂತ 8 ದೊಡ್ಡದು ಅಂತ, ಅಲ್ವಾ? ಅದನ್ನೇ ಇಲ್ಲಿಗೂ ತರುತ್ತದೆ. ಸುಮ್ನೆ ಬೈಯಬೇಡಿ.

ಒಂದೇ ಅಳತೆಯ ಎರಡು ಚಪಾತಿ ಕೊಡಿ. (ಅಳತೆ ಬೇರೆಯಾದರೆ ಹೋಲಿಸಲು ಆಗುವುದಿಲ್ಲ.) ಒಂದನ್ನು ನಾಲ್ಕು, ಇನ್ನೊಂದನ್ನು ಎಂಟು ಸಮಪಾಲು ಮಾಡಲಿ. ಎಂಟರಲ್ಲಿ ಎರಡು ತುಂಡು ಜೋಡಿಸಿದರೆ ಕಾಲು ಚಪಾತಿಯ ಮೇಲೆ ಸರಿಯಾಗಿ ಕೂರುತ್ತವೆ. ಕನ್ನಡದಲ್ಲಿ 1/8ಕ್ಕೆ ಅರೆಕಾಲು ಎಂಬ ಚಂದದ ಹೆಸರೇ ಇದೆ: ಕಾಲಿನಲ್ಲಿ ಅರ್ಧ. ತುಂಡು ಕೈಯಲ್ಲಿರುವಾಗಲೇ ಈ ಹೆಸರು ಹೇಳಿ. 1/8 ಅಂತ ಬರೆಯುವುದು ಆಮೇಲೆ.